ಟಿಟಿಯೊಳಗೊಂದು ಮನೆ: ಕ್ಯಾಂಪರ್ ವ್ಯಾನಿನ ಒಳವಿನ್ಯಾಸ ರೂಪಿಸಲು ಸಮಗ್ರ ಮಾರ್ಗದರ್ಶಿ

ಸ್ವಂತವಾಗಿ ಕ್ಯಾಂಪರ್ ವ್ಯಾನ್ ಕಟ್ಟಿಸಿಕೊಳ್ಳಲು ಹೊರಡುವವರಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಚಿತ್ರಗಳನ್ನು. ಬಿಳಿ ಹಾಸಿಗೆ, ಮರದ ಕಪಾಟು, ಕಿಟಕಿಯಾಚೆ ಕಡಲು ಇರುವ ಚಿತ್ರವೊಂದನ್ನು ಮೊಬೈಲಿನಲ್ಲಿ ತೋರಿಸಿ ‘ಇದೇ ಥರ ಮಾಡಿಕೊಡಿ’ ಎಂದು ಬಡಗಿಗೆ ಹೇಳಿದರೆ ಆತ ಮಾಡಿಯೂ ಕೊಡುತ್ತಾನೆ. ಅದರಲ್ಲಿ ಬದುಕಲು ಆಗುತ್ತದೆಯೇ ಎಂಬುದು ಬೇರೆ ವಿಷಯ. ಎಪ್ಪತ್ತು ಚದರಡಿಗಿಂತ ಕಡಿಮೆ ಜಾಗದಲ್ಲಿ ಮಲಗುವ ಕೋಣೆ, ಅಡುಗೆಮನೆ, ಬಚ್ಚಲು ಮತ್ತು ಸಾಮಾನಿನ ಕೋಣೆ ಎಲ್ಲವೂ ಇರಬೇಕಾದಾಗ, ಜಾಗವನ್ನು ಹಂಚುವ ಕೆಲಸದಲ್ಲಿ ಅಂದಕ್ಕಿಂತ ಮೊದಲು ಅಳತೆ, ತೂಕ ಮತ್ತು ದಿನಚರಿಯ ಲೆಕ್ಕ ಬರುತ್ತದೆ.

ಈ ಮಾರ್ಗದರ್ಶಿಯ ಎಲ್ಲ ಹಂತಗಳ ಹಿಂದೆ ಇರುವ ನಿಯಮ ಒಂದೇ. ದಿನಕ್ಕೆ ಹಲವು ಸಲ ಮಾಡುವ ಕೆಲಸವನ್ನು ಬೇರೆ ಯಾವ ವಸ್ತುವನ್ನೂ ಎತ್ತಿಡದೆ ಮಾಡಲು ಆಗಬೇಕು. ದಿನಕ್ಕೊಮ್ಮೆ ಮಾಡುವ ಕೆಲಸಕ್ಕೆ ಒಂದು ವಸ್ತುವನ್ನು ಸರಿಸಬೇಕಾದರೆ ಸಹಿಸಿಕೊಳ್ಳಬಹುದು. ವಾರಕ್ಕೊಮ್ಮೆ ಬೇಕಾಗುವುದು ಎಷ್ಟು ಒಳಗಿದ್ದರೂ ನಡೆಯುತ್ತದೆ. ಯಾವುದೇ ವಿನ್ಯಾಸವನ್ನು ಈ ಮೂರು ಸಾಲಿಗೆ ಒಡ್ಡಿ ನೋಡಿದರೆ ಅದರ ಬಂಡವಾಳ ಗೊತ್ತಾಗಿಬಿಡುತ್ತದೆ.

ಉದಾಹರಣೆಗೆ ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ, ಎಲ್ಲರೂ ‘ಟಿಟಿ’ ಎಂದೇ ಕರೆಯುವ ಫೋರ್ಸ್ ಟ್ರಾವೆಲರ್ ವಾಹನವನ್ನು ಇಟ್ಟುಕೊಳ್ಳೋಣ. ಇದರಲ್ಲಿ 3350 ಮಿ.ಮೀ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಇರುವ ಮಾದರಿ ಇಬ್ಬರಿಗೆ ಹದವಾದ ಗಾತ್ರದ್ದು. ಇದಕ್ಕಿಂತ ಉದ್ದದ ಮಾದರಿಗಳಲ್ಲಿ ಒಳಗೆ ಜಾಗ ಹೆಚ್ಚು ಸಿಕ್ಕರೂ ಘಟ್ಟದ ತಿರುವಿನಲ್ಲಿ, ಹಳ್ಳಿಯ ಒಳದಾರಿಯಲ್ಲಿ ಅದಕ್ಕೆ ಬೆಲೆ ತೆರಬೇಕಾಗುತ್ತದೆ.

ಹಂತ 1: ಕಾಗದಪತ್ರ ಮೊದಲು, ಗರಗಸ ಆಮೇಲೆ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಲು ಅವಕಾಶವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಮೋಟಾರ್ ಕ್ಯಾರವಾನ್‌ಗಳಿಗೆಂದೇ, ಎಂದರೆ ಒಳಗೆ ವಾಸಿಸುವ ಏರ್ಪಾಡಿರುವ ಇಂಥ ವಾಹನಗಳಿಗೆಂದೇ, ಎಐಎಸ್-124 ಎಂಬ ಸುರಕ್ಷತಾ ಮಾನದಂಡವೂ ನಮ್ಮಲ್ಲಿದೆ.

ಆದ್ದರಿಂದ ವಾಹನ ಖರೀದಿಸುವ ಮೊದಲೇ ನಿಮ್ಮ ವ್ಯಾಪ್ತಿಯ ಆರ್‌ಟಿಒ ಕಚೇರಿಗೆ ಹೋಗಿ, ಈ ವಾಹನವನ್ನು ಯಾವ ವರ್ಗದಲ್ಲಿ ನೋಂದಾಯಿಸಬಹುದು, ಸೀಟುಗಳ ಸಂಖ್ಯೆ ಬದಲಾದರೆ ಏನೇನು ದಾಖಲೆ ಬೇಕು, ಹಳದಿ ಬೋರ್ಡಿನ ಹಳೆಯ ಟಿಟಿಯನ್ನು ಖಾಸಗಿ ಬಳಕೆಗೆ ತರಲು ತೆರಿಗೆ ಎಷ್ಟಾಗುತ್ತದೆ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳಬೇಕು. ಏಜೆಂಟರ ಬಾಯಿಮಾತು ಇಲ್ಲಿ ಸಾಲದು. ಆರ್‌ಸಿಯಲ್ಲಿ ದಾಖಲಾಗದ ಮಾರ್ಪಾಡಿರುವ ವಾಹನಕ್ಕೆ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ಅದೊಂದೇ ಕಾರಣ ಸಾಕಾಗುತ್ತದೆ.

ಇದರಿಂದ ವಿನ್ಯಾಸಕ್ಕೆ ಕೆಲವು ಗಡಿಗಳು ತಾವಾಗಿಯೇ ಬೀಳುತ್ತವೆ. ವಾಹನದ ಹೊರ ಅಳತೆ ಬದಲಾಗಬಾರದು, ಛಾವಣಿ ಮತ್ತು ಪಕ್ಕೆಗಳ ಉಕ್ಕಿನ ಅಡ್ಡಪಟ್ಟಿಗಳನ್ನು ಕತ್ತರಿಸಬಾರದು, ತುರ್ತು ನಿರ್ಗಮನದ ದಾರಿಗೆ ಏನನ್ನೂ ಅಡ್ಡ ಕಟ್ಟಬಾರದು. ಸಾಗುವಾಗ ಜನ ಕೂರುವ ಸೀಟುಗಳು ಕಾರ್ಖಾನೆಯಿಂದ ಬಂದ, ಬೆಲ್ಟ್ ಇರುವ ಸೀಟುಗಳೇ ಆಗಿರಬೇಕು. ಪ್ಲೈವುಡ್ ಪೆಟ್ಟಿಗೆಯ ಮೇಲೆ ಕುಶನ್ ಹಾಸಿದರೆ ಅದು ನಿಂತ ವಾಹನದಲ್ಲಿ ಮಾತ್ರ ಸೋಫಾ. ಓಡುವ ವಾಹನದಲ್ಲಿ ಅದರ ಮೇಲೆ ಯಾರೂ ಕೂರಬಾರದು, ಮಲಗಲಂತೂ ಬಾರದು. ಮೂರನೆಯವರು, ಅದರಲ್ಲೂ ಮಕ್ಕಳು, ಜೊತೆಗೆ ಬರುವುದಾದರೆ ಮೂಲ ಸೀಟೊಂದನ್ನು ಅದರ ಜಾಗದಲ್ಲೇ ಉಳಿಸಿಕೊಂಡು, ಅದಕ್ಕೆ ಬೇಕಾದ ಜಾಗವನ್ನು ಮೊದಲೇ ಕಳೆದು ಲೆಕ್ಕ ಆರಂಭಿಸಬೇಕು.

ಹಂತ 2: ಬರಿದಾದ ವಾಹನವನ್ನು ಅಳೆಯುವುದು

ಸೀಟು ಮತ್ತು ಒಳಹೊದಿಕೆ ತೆಗೆದ ಮೇಲೆ ನೆಲದಿಂದ ಒಂದು ಅಡಿ, ಮೂರು ಅಡಿ ಮತ್ತು ಐದು ಅಡಿ ಎತ್ತರಗಳಲ್ಲಿ ಅಗಲವನ್ನು ಬೇರೆ ಬೇರೆಯಾಗಿ ಅಳೆಯಿರಿ. ವ್ಯಾನಿನ ಗೋಡೆ ನೇರವಾಗಿರುವುದಿಲ್ಲ. ಮೇಲಕ್ಕೆ ಹೋದಂತೆ ಒಳಕ್ಕೆ ಬಾಗುತ್ತದೆ. ನೆಲದ ಅಗಲ ನೋಡಿ ಮಾಡಿಸಿದ ಮೇಲಿನ ಕಪಾಟು ಅಲ್ಲಿ ಕೂರುವುದೇ ಇಲ್ಲ. ವೀಲ್ ಆರ್ಚ್ (ಚಕ್ರದ ಮೇಲೆ ಒಳಕ್ಕೆ ಉಬ್ಬಿರುವ ತಗಡು) ಎಷ್ಟು ಉದ್ದ, ಎಷ್ಟು ಎತ್ತರ, ಗೋಡೆಯಿಂದ ಎಷ್ಟು ಒಳಗೆ ಬಂದಿದೆ, ಬಾಗಿಲು ಪೂರ್ತಿ ತೆರೆದಾಗ ಸಿಗುವ ದಾರಿ ಎಷ್ಟು, ಹಿಂದಿನ ಆಕ್ಸಲ್‌ನ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚಿನ) ಮಧ್ಯರೇಖೆ ಒಳಗಿನ ನೆಲದ ಮೇಲೆ ಎಲ್ಲಿಗೆ ಬರುತ್ತದೆ ಎಂಬುದನ್ನೆಲ್ಲ ಗುರುತು ಮಾಡಿಕೊಳ್ಳಬೇಕು. ವಾಹನದ ಅಡಿಗೆ ಹೋಗಿ ಡೀಸೆಲ್ ಟ್ಯಾಂಕ್, ಸೈಲೆನ್ಸರ್ ಮತ್ತು ಬ್ರೇಕ್ ಪೈಪುಗಳು ಎಲ್ಲೆಲ್ಲಿ ಸಾಗಿವೆ ಎಂಬುದರ ಫೋಟೊ ತೆಗೆದಿಡಬೇಕು. ನೆಲಕ್ಕೆ ತೂತು ಕೊರೆಯುವ ದಿನ ಅದು ನೆರವಿಗೆ ಬರುತ್ತದೆ.

ಈ ಅಳತೆಯಿಂದ ಹೊದಿಕೆಯ ದಪ್ಪವನ್ನು ಕಳೆಯಬೇಕು. ಶಾಖ ತಡೆಯುವ ನೈಟ್ರೈಲ್ ರಬ್ಬರ್ ಹಾಳೆ, ಅದರ ಮೇಲೆ ಪಟ್ಟಿ, ಮೇಲೊಂದು ತೆಳು ಪ್ಲೈ ಎಲ್ಲ ಸೇರಿ ಪ್ರತಿ ಬದಿಗೆ ಒಂದೂವರೆ ಇಂಚು ಹೋಗುತ್ತದೆ. ಛಾವಣಿಯಿಂದ ಒಂದೂವರೆ, ನೆಲದಿಂದ ಒಂದು ಇಂಚು ಹೋದರೆ ಐದು ಅಡಿ ಹತ್ತು ಇಂಚಿನ ಮನುಷ್ಯ ನಿಲ್ಲಬಹುದೇ, ತಲೆ ತಗ್ಗಿಸಬೇಕೇ ಎಂಬುದು ತೀರ್ಮಾನವಾಗುವುದು ಇಲ್ಲಿಯೇ. ಗಾಜಿನ ಉಣ್ಣೆಯನ್ನು ನಾನು ಸಲಹೆ ಮಾಡುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅದು ತೇವ ಹೀರಿಕೊಂಡು ತಗಡಿಗೆ ಅಂಟಿ ಕೂತರೆ, ತುಕ್ಕು ಹಿಡಿದಿರುವುದು ಹೊರಗಿನಿಂದ ಬಣ್ಣ ಉಬ್ಬಿದ ಮೇಲಷ್ಟೇ ತಿಳಿಯುತ್ತದೆ.

ಲೆಕ್ಕಕ್ಕೆ ಅನುಕೂಲವಾಗಲೆಂದು, ಹೊದಿಕೆಯ ನಂತರ ಮುಂದಿನ ಸೀಟುಗಳ ಹಿಂದೆ ಒಟ್ಟು 132 ಇಂಚು ಉದ್ದ, 69 ಇಂಚು ಅಗಲ, 72 ಇಂಚು ಎತ್ತರ ಸಿಕ್ಕಿತೆಂದು ಭಾವಿಸೋಣ. ನಿಮ್ಮ ವಾಹನದ ಅಂಕಿಗಳು ಬೇರೆಯಾಗಿರುತ್ತವೆ. ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ಹಂತ 3: ಒಂದು ದಿನವನ್ನು ಬರೆದಿಡುವುದು

ಕಾಗದದಲ್ಲಿ ಗೆರೆ ಎಳೆಯುವ ಮೊದಲು, ಪ್ರಯಾಣದ ಒಂದು ದಿನವನ್ನು ಎದ್ದಾಗಿನಿಂದ ಮಲಗುವವರೆಗೆ ಕ್ರಮವಾಗಿ ಬರೆಯಿರಿ. ಒಬ್ಬರು ಐದಕ್ಕೆ ಏಳುವವರು, ಇನ್ನೊಬ್ಬರು ಏಳಕ್ಕೆ ಏಳುವವರು ಎಂದಾದರೆ ಮೊದಲು ಎದ್ದವರು ಮಲಗಿದವರನ್ನು ದಾಟದೆ ಕಾಫಿ ಮಾಡಿಕೊಳ್ಳಬಹುದೇ? ಮಳೆ ಸುರಿಯುವಾಗ ಒದ್ದೆ ಕೊಡೆ, ಕೆಸರಿನ ಚಪ್ಪಲಿ ಎಲ್ಲಿ ಇಡುವುದು? ಒಗೆದ ಬಟ್ಟೆ ಎಲ್ಲಿ ಒಣಗುವುದು? ರಾತ್ರಿ ಎರಡು ಗಂಟೆಗೆ ಯಾರೋ ಬಾಗಿಲು ತಟ್ಟಿದರೆ ಕೆಳಗಿಳಿಯದೆ ಡ್ರೈವರ್ ಸೀಟಿಗೆ ಹೋಗಿ ಗಾಡಿ ಹೊರಡಿಸಬಹುದೇ? ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಗೇಟ್ ತಪ್ಪಿಸಿಕೊಂಡವರು ಗುಂಡ್ಲುಪೇಟೆಯ ಯಾವುದೋ ಪೆಟ್ರೋಲ್ ಬಂಕಿನಲ್ಲಿ ಪರದೆ ಎಳೆದು ಮಲಗಬೇಕಾಗುತ್ತದೆ. ಮುಂದಿನ ಕ್ಯಾಬಿನ್ನಿಗೂ ಹಿಂದಿನ ಮನೆಗೂ ನಡುವೆ ಓಡಾಡುವ ದಾರಿ ಬೇಕೆನ್ನುವುದು ಇಂಥ ರಾತ್ರಿಗಳಿಗಾಗಿ.

ಹಂತ 4: ಮಂಚ

ಅತಿ ಹೆಚ್ಚು ಜಾಗ ತಿನ್ನುವುದು ಮಂಚವಾದ್ದರಿಂದ ಉಳಿದದ್ದೆಲ್ಲ ಇದರ ಸುತ್ತ ಕೂರುತ್ತದೆ. ಮೊದಲ ಪ್ರಶ್ನೆ, ಅದು ಉದ್ದಕ್ಕೋ ಅಡ್ಡಕ್ಕೋ ಎಂಬುದು. ಇಬ್ಬರಿಗೆ 54 ಇಂಚು ಅಗಲ, 75 ಇಂಚು ಉದ್ದದ ಮಂಚವನ್ನು ವಾಹನದ ಉದ್ದಕ್ಕೆ ಹಾಕಿದರೆ ನಮ್ಮ 132 ಇಂಚಿನಲ್ಲಿ ಉಳಿಯುವುದು 57 ಇಂಚು. ಅದೇ ಮಂಚವನ್ನು ಅಡ್ಡಲಾಗಿ, ಗೋಡೆಯಿಂದ ಗೋಡೆಗೆ ಹಾಕಿದರೆ 78 ಇಂಚು ಉಳಿಯುತ್ತದೆ. ಈ 21 ಇಂಚಿನ ವ್ಯತ್ಯಾಸವೆಂದರೆ ಒಂದು ಫ್ರಿಜ್ಜೋ ಅರ್ಧ ಬಚ್ಚಲೋ ಹಿಡಿಸುವ ಜಾಗ. ಆದರೆ ಅಡ್ಡ ಮಂಚದ ಉದ್ದ 69 ಇಂಚಿಗೇ ಮುಗಿಯುತ್ತದೆ. ಮಲಗುವವರ ಎತ್ತರಕ್ಕೆ ಕನಿಷ್ಠ ಮೂರು ಇಂಚು ಸೇರಿಸಿ ನೋಡಬೇಕು. ಐದು ಅಡಿ ಆರು ಇಂಚಿನವರೆಗೆ ಇದು ಸಾಕು, ಅದಕ್ಕಿಂತ ಎತ್ತರದವರು ಮುದುಡಿಕೊಂಡು ಮಲಗಬೇಕು. ಇಬ್ಬರಲ್ಲಿ ಒಬ್ಬರಾದರೂ ಎತ್ತರದವರಾಗಿದ್ದರೆ ಹಟ ಬಿಟ್ಟು ಉದ್ದ ಮಂಚಕ್ಕೆ ಹೋಗುವುದೇ ಸರಿ.

ಅಡ್ಡ ಮಂಚಕ್ಕೆ ಇನ್ನೊಂದು ಸೂಕ್ಷ್ಮವಿದೆ. ರಸ್ತೆ ಮಧ್ಯದಲ್ಲಿ ಉಬ್ಬಿ ಅಂಚಿನ ಕಡೆಗೆ ಇಳಿಜಾರಾಗಿರುವುದರಿಂದ, ಎಡಬದಿಯಲ್ಲಿ ನಿಲ್ಲಿಸಿದ ವಾಹನ ಸಾಮಾನ್ಯವಾಗಿ ಎಡಕ್ಕೆ ವಾಲಿರುತ್ತದೆ. ಹೀಗಾಗಿ ದಿಂಬಿನ ಕಡೆ ಬಲಗಡೆಗೆ, ಎಂದರೆ ಡ್ರೈವರ್ ಬದಿಗೆ ಬರುವಂತೆ ಯೋಜಿಸಿ, ಓದುವ ದೀಪ, ಚಾರ್ಜಿಂಗ್ ಪಾಯಿಂಟು ಮತ್ತು ಕನ್ನಡಕ ಇಡುವ ಗೂಡನ್ನು ಆ ಬದಿಯಲ್ಲೇ ಕೊಟ್ಟರೆ ತಲೆ ಕೆಳಗಾಗಿ ಮಲಗುವ ಪ್ರಸಂಗ ಕಡಿಮೆಯಾಗುತ್ತದೆ.

ಎತ್ತರದ ಲೆಕ್ಕವೂ ಅಷ್ಟೇ ಮುಖ್ಯ. ಮಂಚದ ಹಲಗೆ ನೆಲದಿಂದ 30 ಇಂಚು ಮೇಲಿದ್ದು, ಅದರ ಮೇಲೆ 5 ಇಂಚಿನ ಹಾಸಿಗೆ ಬಂದರೆ ಛಾವಣಿಯವರೆಗೆ 37 ಇಂಚು ಉಳಿಯುತ್ತದೆ. ಹೆಚ್ಚಿನವರು ನೆಟ್ಟಗೆ ಕೂರಲು ಇಷ್ಟು ಸಾಕು. ಕೆಳಗೆ ಇನ್ನಷ್ಟು ಸಾಮಾನು ಹಿಡಿಸಲೆಂದು ಹಲಗೆಯನ್ನು 36 ಇಂಚಿಗೆ ಏರಿಸಿದರೆ ಮೇಲೆ ಉಳಿಯುವುದು 31 ಇಂಚು, ಆಗ ಹಾಸಿಗೆಯ ಮೇಲೆ ಕೂರುವುದೆಂಬುದೇ ಇಲ್ಲ. ಮಂಡಿನೋವಿರುವವರಿಗೆ 30 ಇಂಚನ್ನು ಹತ್ತಲೂ ಒಂದು ಮೆಟ್ಟಿಲು ಬೇಕು. ಆ ಮೆಟ್ಟಿಲನ್ನೇ ಮುಚ್ಚಳವಿರುವ ಪೆಟ್ಟಿಗೆಯಾಗಿ ಮಾಡಿಸಿ ನೆಲಕ್ಕೆ ಬಿಗಿಯಬಹುದು.

ಹಗಲು ಸೋಫಾ, ರಾತ್ರಿ ಮಂಚ ಆಗುವ ಮಡಿಸುವ ಏರ್ಪಾಡು ನಕ್ಷೆಯಲ್ಲಿ ಬಹಳ ಜಾಣತನದ್ದಾಗಿ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ವಾರಾಂತ್ಯಕ್ಕೆ ಹೋಗಿ ಬರುವವರಿಗೆ ಅದು ಸರಿ. ತಿಂಗಳುಗಟ್ಟಲೆ ವಾಹನದಲ್ಲಿರುವವರಿಗೆ ಅಲ್ಲ. ದಿನವೂ ಮೇಜು ಇಳಿಸಿ, ಕುಶನ್ ಜೋಡಿಸಿ, ಹಾಸಿಗೆ ಹಾಸಿ, ಬೆಳಿಗ್ಗೆ ಎಲ್ಲವನ್ನೂ ಹಿಂದಕ್ಕೆ ಮಡಿಸುವ ಉತ್ಸಾಹ ಬೇಗ ಇಳಿಯುತ್ತದೆ. ಕೊನೆಗೆ ಮಂಚ ಮಂಚವಾಗಿಯೇ ಉಳಿದು, ಊಟಕ್ಕೆ ಕೂರಲು ಜಾಗವಿಲ್ಲದಂತಾಗುತ್ತದೆ.

ಹಂತ 5: ಅಡುಗೆ ಕಟ್ಟೆ

ಇಂಟರ್‌ನೆಟ್ಟಿನಲ್ಲಿ ಸಿಗುವ ಅಮೆರಿಕ ಮತ್ತು ಯುರೋಪ್ ಖಂಡದ ನಕ್ಷೆಗಳಲ್ಲಿ ಪಕ್ಕದ ಬಾಗಿಲು ಬಲಬದಿಗೆ ಇರುತ್ತದೆ, ಏಕೆಂದರೆ ಅಲ್ಲಿ ರಸ್ತೆಯ ಬಲಗಡೆ ಓಡಿಸುತ್ತಾರೆ. ನಮ್ಮ ಟಿಟಿಯ ಬಾಗಿಲು ಎಡಬದಿಗಿದೆ. ಆ ನಕ್ಷೆಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳದೆ ನಕಲು ಮಾಡಿದರೆ ಸರಿಯಾಗಿ ಬಾಗಿಲಿನ ಜಾಗಕ್ಕೇ ಒಲೆ ಬಂದು ಕೂರುತ್ತದೆ.

ನಮ್ಮ ಉದಾಹರಣೆಯಲ್ಲಿ ಉಳಿದ 78 ಇಂಚನ್ನು ಹೀಗೆ ಹಂಚಬಹುದು. ಬಲಗಡೆ ಡ್ರೈವರ್ ಸೀಟಿನ ಹಿಂದೆ 30 ಇಂಚು ಉದ್ದ, 28 ಇಂಚು ಅಗಲದ ಬಚ್ಚಲು; ಅದರಿಂದ ಮಂಚದವರೆಗೆ 48 ಇಂಚು ಉದ್ದ, 20 ಇಂಚು ಅಗಲದ ಅಡುಗೆ ಕಟ್ಟೆ. ಎಡಗಡೆ ಬಾಗಿಲಿಗೆ 30 ಇಂಚು ಬಿಟ್ಟು, ಉಳಿದ 48 ಇಂಚಿನಲ್ಲಿ 22 ಇಂಚು ಅಗಲದ ಬೆಂಚು. ಕಟ್ಟೆಗೂ ಬೆಂಚಿಗೂ ನಡುವೆ 27 ಇಂಚಿನ ಓಡಾಟದ ಜಾಗ ಸಿಗುತ್ತದೆ. ಇದು 24 ಇಂಚಿಗಿಂತ ಕಡಿಮೆಯಾದರೆ ಒಬ್ಬರು ದೋಸೆ ಹುಯ್ಯುತ್ತಿರುವಾಗ ಇನ್ನೊಬ್ಬರು ಅವರ ಹಿಂದಿನಿಂದ ದಾಟಿ ಹೋಗಲು ಆಗುವುದಿಲ್ಲ.

ಕಟ್ಟೆಯ ಎತ್ತರ 34 ಇಂಚಿನ ಆಸುಪಾಸಿನಲ್ಲಿರಲಿ. ನಿಜವಾಗಿ ಅಡುಗೆ ಮಾಡುವವರ ಮೊಣಕೈ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದು, ಅದಕ್ಕಿಂತ ನಾಲ್ಕೈದು ಇಂಚು ತಗ್ಗಿನಲ್ಲಿ ಇಡುವುದು ಇನ್ನೂ ಒಳ್ಳೆಯದು. ಒಲೆ, ಅದರ ಮೇಲೆ ಐದು ಲೀಟರಿನ ಕುಕ್ಕರ್, ಅದರ ಸೀಟಿಯಿಂದ ಏಳುವ ಹಬೆ ಎಲ್ಲವೂ ಸೇರಿ ಬೇಡುವ ಎತ್ತರವನ್ನು ವಿದೇಶಿ ನಕ್ಷೆಗಳು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಒಲೆಯ ನೇರಕ್ಕೆ ಮೇಲಿನ ಕಪಾಟು ಇಲ್ಲದಿರುವುದೇ ಲೇಸು. ಇರಲೇಬೇಕಾದರೆ ಒಲೆಯಿಂದ ಕನಿಷ್ಠ 26 ಇಂಚು ಬಿಟ್ಟು, ಅಡಿಭಾಗಕ್ಕೆ ಸ್ಟೀಲ್ ತಗಡು ಹೊಡೆಸಬೇಕು. ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದ ಕ್ಷಣಕ್ಕೆ ಇಬ್ಬರೂ ಕೆಮ್ಮುತ್ತಾ ಹೊರಗೆ ಓಡಬಾರದೆಂದರೆ ಒಲೆಯ ಪಕ್ಕದಲ್ಲಿ ತೆರೆಯುವ ಕಿಟಕಿ, ಹತ್ತಿರದಲ್ಲೇ ಛಾವಣಿಯ ಎಕ್ಸಾಸ್ಟ್ ಫ್ಯಾನ್ ಎರಡೂ ಬೇಕು. ಒಗ್ಗರಣೆ ಮತ್ತು ಮೀನು ಹುರಿಯುವ ಕೆಲಸಕ್ಕೆ ಬಾಗಿಲ ಹೊರಗೆ ಮಡಿಸುವ ಹಲಗೆಯೊಂದನ್ನು ಸಿಕ್ಕಿಸುವಂತೆ ಮಾಡಿದರೆ ಹಾಸಿಗೆಗೆ ವಾಸನೆ ಹಿಡಿಯುವುದು ತಪ್ಪುತ್ತದೆ.

ಒಲೆಯನ್ನು ಕಟ್ಟೆಯ ಮುಂತುದಿಗೆ, ಎಂದರೆ ಹಾಸಿಗೆಯಿಂದ ದೂರಕ್ಕೆ ಇಡಬೇಕು. ಆದರೂ ಮಂಚದಿಂದ ಬಾಗಿಲಿಗೆ ಹೋಗುವ ದಾರಿ ಒಲೆಯನ್ನು ದಾಟಿಯೇ ಹೋಗುತ್ತದೆ. ಹೀಗಾಗಿ ಹಿಂದಿನ ಬಾಗಿಲು ಒಳಗಿನಿಂದ, ಕತ್ತಲಲ್ಲೂ ಕೈಗೆ ಸಿಗುವ ಹಿಡಿಕೆಯಿಂದ ತೆರೆಯುವಂತಿರಬೇಕು. ಮಂಚದ ಚೌಕಟ್ಟು ಅದಕ್ಕೆ ಅಡ್ಡ ಬರಬಾರದು. ಬೆಂಕಿ ಆರಿಸುವ ಸಿಲಿಂಡರ್ ಒಂದು ಬಾಗಿಲ ಬಳಿ, ಇನ್ನೊಂದು ಮಂಚದ ಬಳಿ ಇರಲಿ.

ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಮಟ್ಟದಲ್ಲಿ ತಗ್ಗು ಹುಡುಕಿಕೊಂಡು ನಿಲ್ಲುತ್ತದೆ. ಐದು ಕಿಲೋದ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸುವ, ಒಳಭಾಗಕ್ಕೆ ಪೂರ್ತಿ ಮುಚ್ಚಿದ, ತಳದಲ್ಲಿ ಹೊರಕ್ಕೆ ತೂತಿರುವ ಪ್ರತ್ಯೇಕ ಗೂಡು ಬೇಕು. ಆ ತೂತು ಸೈಲೆನ್ಸರಿನ ಮೇಲೆ ಬರಬಾರದು. ಬ್ಯಾಟರಿ, ಸ್ವಿಚ್ಚು, ಇನ್ವರ್ಟರ್ ಯಾವುದೂ ಈ ಗೂಡಿನಲ್ಲಿ ಇರಬಾರದು. ಗ್ಯಾಸ್ ಸೋರಿಕೆ ಪತ್ತೆ ಮಾಡುವ ಅಲಾರಂ ನೆಲದ ಹತ್ತಿರ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗಿದವರ ಮೂಗಿನ ಮಟ್ಟದಲ್ಲಿ ಇರಬೇಕು. ಎರಡನ್ನೂ ಒಂದೇ ಕಡೆ ಹಾಕಿಬಿಡುವುದು ವೈರಿಂಗ್ ಮಾಡುವವರ ಸಾಮಾನ್ಯ ಅಭ್ಯಾಸ. ಎದುರಿಗೆ ನಿಂತು ಹೇಳಿ ಮಾಡಿಸಬೇಕು.

ಹಂತ 6: ನೀರು ಮತ್ತು ಬಚ್ಚಲು

ಇಬ್ಬರಿಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ ಹತ್ತು ಲೀಟರ್, ಪಾತ್ರೆ ಮತ್ತು ಕೈಕಾಲಿಗೆ ಹತ್ತು ಲೀಟರ್ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಒಂದು ಬಕೆಟ್ ಸ್ನಾನವೆಂದರೆ ಇನ್ನು ಮೂವತ್ತು ಲೀಟರ್. ಎಂಬತ್ತು ಲೀಟರಿನ ಟ್ಯಾಂಕ್, ಒಳಗೇ ಸ್ನಾನ ಮಾಡುವವರಿಗೆ ಒಂದೂವರೆ ದಿನಕ್ಕೆ ಖಾಲಿಯಾಗುತ್ತದೆ. ಸ್ನಾನವನ್ನು ಹೊರಗೆ ಮಾಡುವವರಿಗೆ ನಾಲ್ಕು ದಿನ ಬರುತ್ತದೆ. ಕರ್ನಾಟಕದೊಳಗೆ ಸುತ್ತುವವರಿಗೆ ಲಾಡ್ಜು, ಯಾತ್ರಾಸ್ಥಳದ ಸ್ನಾನಗೃಹ, ನೆಂಟರ ಮನೆ ಹೀಗೆ ಏನಾದರೊಂದು ಸಿಗುತ್ತಲೇ ಇರುತ್ತದೆ. ನಡುರಾತ್ರಿ ಬೇಕಾಗುವ ಶೌಚಕ್ಕೆ ಮಾತ್ರ ಪರ್ಯಾಯವಿಲ್ಲ. ಆದ್ದರಿಂದ ಜಾಗ ಕಡಿಮೆಯಿರುವಲ್ಲಿ ಶೌಚದ ವ್ಯವಸ್ಥೆಗೆ ಮೊದಲ ಮಣೆ, ಸ್ನಾನಕ್ಕೆ ಎರಡನೆಯದು ಎಂಬುದು ನನ್ನ ಶಿಫಾರಸು.

ಬಚ್ಚಲಿಗೆಂದು ಬಿಟ್ಟ ಮೂವತ್ತು ಇಂಚಿನ ಆ ಜಾಗವನ್ನು ನಾಲ್ಕೂ ಕಡೆ ಗೋಡೆ ಕಟ್ಟಿ ಮುಚ್ಚಿದರೆ ಮುಂದಿನ ಬೆಳಕೂ ಗಾಳಿಯೂ ನಿಂತುಹೋಗಿ ಇಡೀ ವಾಹನ ಗೋದಾಮಿನಂತಾಗುತ್ತದೆ. ಸೊಂಟದೆತ್ತರದ ಅರ್ಧಗೋಡೆ ಕಟ್ಟಿಸಿ, ಮೇಲೆ ನೀರು ಹಿಡಿಯದ ಪರದೆಯನ್ನು ಹಳಿಯ ಮೇಲೆ ಎಳೆಯುವಂತೆ ಮಾಡಿದರೆ ಬಳಸದ ಹೊತ್ತಿನಲ್ಲಿ ಆ ಜಾಗ ತೆರೆದೇ ಇರುತ್ತದೆ. ಒದ್ದೆ ಕೊಡೆ ಮತ್ತು ಚಪ್ಪಲಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆಯಿಲ್ಲ. ನೆಲಕ್ಕೆ ಫೈಬರ್‌ಗ್ಲಾಸ್ ತಟ್ಟೆಯನ್ನು ಕೂರಿಸಿ, ಅಂಚುಗಳನ್ನು ನಾಲ್ಕು ಇಂಚು ಮೇಲೆತ್ತಬೇಕು. ಗಾಡಿ ಎಡಕ್ಕೆ ವಾಲಿ ನಿಲ್ಲುವುದೇ ಹೆಚ್ಚಾದ್ದರಿಂದ ನೀರು ಹೋಗುವ ತೂತನ್ನು ಎಡಮೂಲೆಗೆ ಕೊಡಬೇಕು. ಕೊಳೆನೀರಿಗೆ ಚಾಸಿಯ ಕೆಳಗೆ ಬೇರೆ ಟ್ಯಾಂಕ್ ಕಟ್ಟಿಸಿ, ಅದನ್ನು ಚರಂಡಿ ಇರುವಲ್ಲೇ ಖಾಲಿ ಮಾಡಬೇಕು. ಹೊಳೆದಂಡೆಯಲ್ಲಿ ಸೋಪುನೀರು ಬಿಡುವವರಿಂದಾಗಿಯೇ ಎಷ್ಟೋ ಊರಿನವರು ಕ್ಯಾಂಪರ್ ವ್ಯಾನ್ ಕಂಡರೆ ಮುಖ ಸಿಂಡರಿಸುತ್ತಾರೆ. ಶೌಚಕ್ಕೆ ಕ್ಯಾಸೆಟ್ ಮಾದರಿಯ, ಎಂದರೆ ಕೊಳೆ ತುಂಬುವ ಡಬ್ಬಿಯನ್ನು ಹೊರಗೆಳೆದು ಖಾಲಿ ಮಾಡುವ ಪೆಟ್ಟಿಗೆಯೇ ಸರಳ. ಅದನ್ನು ಹೊರಗೆಳೆಯುವ ದಾರಿ ಅಡುಗೆ ಕಟ್ಟೆಯ ಮುಂದಿನಿಂದ ಹಾದುಹೋಗದೆ ನೇರವಾಗಿ ಪಕ್ಕದ ಬಾಗಿಲಿಗೆ ಇರಬೇಕು. ನಮ್ಮ ನಕ್ಷೆಯಲ್ಲಿ ಬಚ್ಚಲನ್ನು ಬಾಗಿಲಿಗೆ ಎದುರಾಗಿ ಇಟ್ಟಿರುವುದು ಇದೇ ಕಾರಣಕ್ಕೆ.

ಹಂತ 7: ತೂಕದ ಹಂಚಿಕೆ

ಹದಿಮೂರು ಜನರಿಗೆಂದು ಮಾಡಿದ ವಾಹನ, ಒಬ್ಬೊಬ್ಬರಿಗೆ 65 ಕೆ.ಜಿ. ಎಂದರೂ 845 ಕೆ.ಜಿ. ಹೊರುವಂಥದ್ದು. ಹೀಗಾಗಿ ಒಟ್ಟು ತೂಕದ ಮಿತಿ ಮೀರುವುದು ಅಷ್ಟು ಸುಲಭವಲ್ಲ. ತೊಂದರೆ ಬರುವುದು ತೂಕ ಎಲ್ಲಿ ಕೂತಿದೆ ಎಂಬುದರಿಂದ.

ಹಿಂದಿನ ಆಕ್ಸಲ್‌ಗಿಂತ ಒಂದು ಮೀಟರ್ ಹಿಂದೆ 100 ಕೆ.ಜಿ. ಇಟ್ಟಿರೆಂದುಕೊಳ್ಳಿ. ವೀಲ್‌ಬೇಸ್ 3.35 ಮೀಟರ್ ಇರುವಾಗ, ಹಿಂದಿನ ಆಕ್ಸಲ್ ಮೇಲೆ ಬೀಳುವ ಭಾರ ಸುಮಾರು 130 ಕೆ.ಜಿ. ಹೆಚ್ಚುತ್ತದೆ ಮತ್ತು ಮುಂದಿನ ಆಕ್ಸಲ್‌ನಿಂದ 30 ಕೆ.ಜಿ. ಕಡಿಮೆಯಾಗುತ್ತದೆ. ಮುಂಭಾಗ ಹಗುರಾದ ಗಾಡಿಯ ಸ್ಟಿಯರಿಂಗ್ ಮಳೆಯಲ್ಲಿ ಚಾರ್ಮಾಡಿಯ ತಿರುವು ಹತ್ತುವಾಗ ಹೇಗೆ ವರ್ತಿಸುತ್ತದೆ ಎಂಬುದನ್ನು ಯಾವ ಡ್ರೈವರನ್ನು ಕೇಳಿದರೂ ಹೇಳುತ್ತಾರೆ. ಆದ್ದರಿಂದ ಎಂಬತ್ತು ಲೀಟರ್ ಎಂದರೆ ಎಂಬತ್ತು ಕಿಲೋ ತೂಗುವ ನೀರಿನ ಟ್ಯಾಂಕ್ ಮಂಚದ ಕೆಳಗೆ, ಆದರೆ ಅದರ ಮುಂದಿನ ಅಂಚಿಗೆ, ಸಾಧ್ಯವಾದಷ್ಟು ಎರಡು ಆಕ್ಸಲ್‌ಗಳ ನಡುವೆ ಬರಲಿ. ಮಂಚದ ಕೆಳಗಿನ ಹಿಂದಿನ ಭಾಗಕ್ಕೆ ಬಟ್ಟೆ, ಕುರ್ಚಿ, ಟೆಂಟಿನಂಥ ಹಗುರ ವಸ್ತುಗಳು ಸಾಕು. ಕಟ್ಟೆ, ಒಲೆ ಮತ್ತು ಬಚ್ಚಲು ಬಲಗಡೆ ಬಂದಿರುವುದರಿಂದ ಬ್ಯಾಟರಿ ಮತ್ತು ಫ್ರಿಜ್ಜು ಎಡಗಡೆಯ ಬೆಂಚಿನೊಳಗೆ ಹೋಗಬೇಕು.

ಹೆಚ್ಚುವರಿ ತೂಕದ ಇನ್ನೊಂದು ಪಾಲು ಬಡಗಿಯ ಅಭ್ಯಾಸದಿಂದ ಬರುತ್ತದೆ. ಮನೆಯ ವಾರ್ಡ್‌ರೋಬ್ ಮಾಡಿ ಪಳಗಿದ ಕೈ 18 ಮಿ.ಮೀ. ಪ್ಲೈಯನ್ನೇ ಕೇಳುತ್ತದೆ. ಎಂಟು ಅಡಿ, ನಾಲ್ಕು ಅಡಿಯ ಅಂಥ ಒಂದು ಹಾಳೆ ಸುಮಾರು 35 ಕೆ.ಜಿ. ತೂಗಿದರೆ 12 ಮಿ.ಮೀ. ಹಾಳೆ ಸುಮಾರು 23 ಕೆ.ಜಿ. ತೂಗುತ್ತದೆ. ಏಳು ಹಾಳೆಯ ಕೆಲಸದಲ್ಲಿ ಇದೊಂದರಿಂದಲೇ 80 ಕೆ.ಜಿ.ಗಿಂತ ಹೆಚ್ಚು ಉಳಿಯುತ್ತದೆ. ಮೇಲೆ ಅಂಟಿಸುವ ಮೈಕಾ ಒಂದು ಬದಿಗೆ ನಾಲ್ಕು ಕಿಲೋದಷ್ಟಿರುವುದರಿಂದ ಕಾಣದ ಬದಿಗೆ ಅದನ್ನು ಬಿಟ್ಟು ವಾರ್ನಿಷ್ ಹೊಡೆಸಬಹುದು. ಮೇಲಿನ ಕಪಾಟುಗಳಿಗೆ 9 ಮಿ.ಮೀ. ಸಾಕು, ಅದರಲ್ಲಿ ಇಡಬೇಕಾದದ್ದು ಹಪ್ಪಳ ಮತ್ತು ಬಟ್ಟೆ, ಅಕ್ಕಿ ಮೂಟೆ ಅಲ್ಲ. ಭಾರವಾದದ್ದು ಮೇಲೇರಿದಷ್ಟೂ ಗಾಡಿ ತಿರುವಿನಲ್ಲಿ ತೂಗುತ್ತದೆ. ಎಲ್ಲ ಬಾಗಿಲು ಮತ್ತು ಡ್ರಾಗಳಿಗೆ ಒತ್ತಿದರೆ ಮಾತ್ರ ಬಿಚ್ಚಿಕೊಳ್ಳುವ ಲಾಕ್ ಬೇಕು. ಅಯಸ್ಕಾಂತದ ಕ್ಯಾಚು ಮೊದಲ ಹಂಪ್‌ಗೇ ಸೋಲುತ್ತದೆ.

ಹಂತ 8: ವಿದ್ಯುತ್ತು ಮತ್ತು ಗಾಳಿ

ಇಲ್ಲಿ ಬೇಕಾಗಿರುವುದು ವಿದ್ಯುತ್ತಿನ ಪಾಠವಲ್ಲ, ಅದು ಕೇಳುವ ಜಾಗದ ಲೆಕ್ಕ. 12 ವೋಲ್ಟ್ ಫ್ರಿಜ್ಜಿಗೆ ದಿನಕ್ಕೆ ಸುಮಾರು 500 ವ್ಯಾಟ್-ಅವರ್, 30 ವ್ಯಾಟಿನ ಫ್ಯಾನ್ ಎಂಟು ತಾಸು ತಿರುಗಿದರೆ 240, ಲ್ಯಾಪ್‌ಟಾಪ್ ಮತ್ತು ಫೋನುಗಳಿಗೆ 200, ದೀಪ, ಪಂಪು, ಚಟ್ನಿಗೆ ಐದಾರು ನಿಮಿಷದ ಮಿಕ್ಸಿ ಎಲ್ಲ ಸೇರಿದರೆ ಒಂದು ಯೂನಿಟ್‌ಗಿಂತ (1,000 ವ್ಯಾಟ್-ಅವರ್) ಸ್ವಲ್ಪ ಹೆಚ್ಚಾಗುತ್ತದೆ. 200 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 2.5 ಯೂನಿಟ್ ಇರುತ್ತದೆ, ಎರಡು ದಿನಕ್ಕೆ ಬರುತ್ತದೆ. 400 ವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನಲ್ಲಿ ದಿನದ ಖರ್ಚನ್ನು ತುಂಬಿಕೊಡುತ್ತದೆ. ಆಷಾಢದ ಆಗುಂಬೆಯಲ್ಲಿ ಅದನ್ನು ನಂಬುವಂತಿಲ್ಲವಾದ್ದರಿಂದ ಎಂಜಿನ್ನಿನ ಆಲ್ಟರ್ನೇಟರಿನಿಂದ ಚಾರ್ಜ್ ಮಾಡುವ 30 ಆಂಪಿಯರ್ ಡಿಸಿ-ಡಿಸಿ ಚಾರ್ಜರಿಗೂ ಜಾಗ ಇಟ್ಟುಕೊಳ್ಳಬೇಕು. ಇಂಡಕ್ಷನ್ ಒಲೆಯ ಆಸೆ ಇದ್ದರೆ, 2,000 ವ್ಯಾಟಿಗೆ 12 ವೋಲ್ಟಿನ ತಂತಿಯಲ್ಲಿ 160 ಆಂಪಿಯರಿಗೂ ಹೆಚ್ಚು ಹರಿಯುತ್ತದೆ ಎಂಬುದನ್ನು ನೆನಪಿಡಿ. ಇನ್ವರ್ಟರ್ ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು, ತಂತಿ ದಪ್ಪಗೂ ಗಿಡ್ಡಗೂ ಇರಬೇಕು, ಫ್ಯೂಸ್ ಬ್ಯಾಟರಿಯ ತುದಿಗೆ ಅಂಟಿಕೊಂಡಂತೆ ಇರಬೇಕು. ಇವೆಲ್ಲ ಬೆಂಚಿನೊಳಗೆ ಕೂರುವಾಗ ಸುತ್ತ ಗಾಳಿಯಾಡಲು ಎರಡೆರಡು ಇಂಚು ಬಿಡುವುದನ್ನು ಮರೆಯಬಾರದು.

ಛಾವಣಿಯ ಮೇಲೆ ಮೊದಲು ಫ್ಯಾನಿನ ಜಾಗ ಗುರುತಿಸಿ, ಆಮೇಲೆ ಸೋಲಾರ್ ಹಲಗೆಗಳನ್ನು ಹೊಂದಿಸಬೇಕು. ಸಾಮಾನ್ಯವಾಗಿ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಕುಂದಾಪುರದ ಏಪ್ರಿಲ್ ಸೆಕೆಗೆ ತಣ್ಣಗಿನ ಗಾಳಿ ಬೇಕೆಂದರೆ ಅದು ಬರುವ ಬಾಗಿಲೂ ಹೋಗುವ ಬಾಗಿಲೂ ಬೇರೆ ಬೇರೆ ತುದಿಯಲ್ಲಿರಬೇಕು. ಮಂಚದ ಪಕ್ಕದ ಕಿಟಕಿಯಿಂದ ಗಾಳಿ ಒಳಬಂದು, ಮಲಗಿದವರ ಮೈಮೇಲೆ ಹಾದು, ಕಟ್ಟೆಯ ಮುಂತುದಿಯಲ್ಲಿರುವ ಛಾವಣಿಯ ಫ್ಯಾನಿನಿಂದ ಹೊರಹೋಗುವಂತಿದ್ದರೆ ಅಡುಗೆಯ ಹೊಗೆಯೂ ಹಾಸಿಗೆಯತ್ತ ಸುಳಿಯುವುದಿಲ್ಲ. ಕಿಟಕಿಗಳಿಗೆ ಸೊಳ್ಳೆಪರದೆ ಇರಲೇಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಹಂತ 9: ರಟ್ಟಿನ ವ್ಯಾನ್

ನಕ್ಷೆ ಸಿದ್ಧವಾದ ಮೇಲೆ ಅದನ್ನು ಮನೆಯ ಹಜಾರದ ನೆಲದ ಮೇಲೆ ಪೂರ್ಣ ಅಳತೆಯಲ್ಲಿ ಮಾಸ್ಕಿಂಗ್ ಟೇಪಿನಿಂದ ಬರೆಯಿರಿ. ಫ್ರಿಜ್ಜು, ವಾಷಿಂಗ್ ಮೆಷಿನ್ ಬಂದ ರಟ್ಟಿನ ಪೆಟ್ಟಿಗೆಗಳನ್ನು ಅಂಗಡಿಯಿಂದ ತಂದು ಕತ್ತರಿಸಿ ಕಟ್ಟೆ, ಬೆಂಚು ಮತ್ತು ಬಚ್ಚಲನ್ನು ನಿಜವಾದ ಎತ್ತರದಲ್ಲಿ ನಿಲ್ಲಿಸಬೇಕು. ಛಾವಣಿಯ ಎತ್ತರಕ್ಕೆ ಒಂದು ದಾರ ಕಟ್ಟಬೇಕು. ಆಮೇಲೆ ಮೂರನೇ ಹಂತದಲ್ಲಿ ಬರೆದಿಟ್ಟ ದಿನಚರಿಯನ್ನು ಗೆರೆ ದಾಟದೆ ಇಬ್ಬರೂ ಆಡಿ ನೋಡಬೇಕು. ಒಬ್ಬರು ಕಾವಲಿಯ ಮುಂದೆ ನಿಂತಿರಲಿ, ಇನ್ನೊಬ್ಬರು ಬಚ್ಚಲಿನಿಂದ ಬಂದು ಬೆಂಚಿನಡಿಯ ಫ್ರಿಜ್ಜನ್ನು ತೆರೆಯಲಿ. ಮುಂದಕ್ಕೆಳೆಯುವ ಫ್ರಿಜ್ಜಿನ ಡ್ರಾ 27 ಇಂಚಿನ ದಾರಿಯಲ್ಲಿ 18 ಇಂಚು ಚಾಚಿಕೊಂಡಾಗ ಕಟ್ಟೆಯ ಮುಂದೆ ನಿಂತವರ ಮೊಣಕಾಲಿಗೆ ತಾಗುವುದು ಕಾಗದದಲ್ಲಿ ಕಾಣುವುದಿಲ್ಲ, ಇಲ್ಲಿ ಕಾಣುತ್ತದೆ. ಆಗ ಮೇಲಿನಿಂದ ಮುಚ್ಚಳ ತೆಗೆಯುವ ಪೆಟ್ಟಿಗೆ ಫ್ರಿಜ್ಜೇ ವಾಸಿ ಎನಿಸುತ್ತದೆ; ಜೊತೆಯಲ್ಲೇ, ಅದರ ಮೇಲೆ ಯಾರಾದರೂ ಕೂತಿರುವಾಗ ಹಾಲು ಬೇಕಾದರೆ ಅವರನ್ನು ಎಬ್ಬಿಸಬೇಕಲ್ಲ ಎಂಬುದೂ ಹೊಳೆಯುತ್ತದೆ. ಮೊದಲಿಗೆ ಹೇಳಿದ ನಿಯಮದಂತೆ ಹಾಲು ದಿನಕ್ಕೆ ಹಲವು ಸಲ ಬೇಕಾಗುವ ವಸ್ತು. ಹಾಗಾಗಿ ಫ್ರಿಜ್ಜು ಬೆಂಚಿನ ಬಾಗಿಲ ಕಡೆಯ ತುದಿಗೆ ಹೋಗಬೇಕು, ಕೂರುವ ಜಾಗ ಮಂಚದ ಕಡೆಗೆ ಸರಿಯಬೇಕು.

ಒಂದು ವಾರಾಂತ್ಯ ಹೀಗೆ ಕಳೆದರೆ ನಕ್ಷೆಯಲ್ಲಿ ಏನಾದರೂ ಬದಲಾಗದೇ ಇರುವುದಿಲ್ಲ. ರಟ್ಟು ಕತ್ತರಿಸಲು ಬ್ಲೇಡು ಸಾಕು; ಪ್ಲೈ ಕತ್ತರಿಸಿದ ಮೇಲೆ ಬದಲಾಯಿಸಲು ದುಡ್ಡು ಬೇಕು.

ಹಂತ 10: ಅಂತಿಮ ನಕ್ಷೆ ಮತ್ತು ತೂಕ

ಬಡಗಿಗೆ ಕೊಡುವ ನಕ್ಷೆಯ ಮೇಲೆ ನೀರಿನ ಪೈಪಿಗೊಂದು ಬಣ್ಣ, ತಂತಿಗೊಂದು ಬಣ್ಣ, ಗ್ಯಾಸಿಗೊಂದು ಬಣ್ಣ ಹಾಕಿ ಪ್ರತಿಯೊಂದರ ದಾರಿಯನ್ನು ಗುರುತಿಸಬೇಕು. ನೀರಿನ ಪೈಪು ತಂತಿಗಿಂತ ಕೆಳಗೆ ಸಾಗಬೇಕು. ಪಂಪು, ಫ್ಯೂಸ್ ಪೆಟ್ಟಿಗೆ, ಟ್ಯಾಂಕಿನ ಮುಚ್ಚಳ ಮತ್ತು ವಾಹನದ ಸ್ವಂತ ಜಾಕು, ಸ್ಟೆಪ್ನಿಗಳಿಗೆ ಸ್ಕ್ರೂ ಬಿಚ್ಚದೆ ಕೈ ಹೋಗುವ ಬಾಗಿಲು ಇರಬೇಕು. ಪೀಠೋಪಕರಣವನ್ನು ಹೊದಿಕೆಯ ತೆಳು ಪ್ಲೈಗೆ ಬಿಗಿಯದೆ, ವಾಹನದ ಉಕ್ಕಿನ ಪಟ್ಟಿಗಳಿಗೆ ಬೋಲ್ಟ್ ಹಾಕಿಸಬೇಕು.

ಕಪಾಟುಗಳೆಲ್ಲ ನಿಂತ ಮೇಲೆ, ಮೈಕಾ ಅಂಟಿಸುವ ಮುನ್ನ, ನೀರು ತುಂಬಿಸಿ, ಸಾಮಾನು ಹೇರಿ, ಇಬ್ಬರೂ ಕೂತು ಹತ್ತಿರದ ವೇ ಬ್ರಿಡ್ಜಿಗೆ ಹೋಗಬೇಕು. ಮೊದಲು ಪೂರ್ತಿ ವಾಹನವನ್ನು, ನಂತರ ಮುಂದಿನ ಚಕ್ರಗಳನ್ನು ಮಾತ್ರ, ಆಮೇಲೆ ಹಿಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಮೂರು ಚೀಟಿ ಪಡೆಯಿರಿ. ತಯಾರಕರು ಪ್ರತಿ ಆಕ್ಸಲ್‌ಗೆ ಕೊಟ್ಟಿರುವ ಮಿತಿಯೊಂದಿಗೆ ಅದನ್ನು ಹೋಲಿಸಿ, ಹಿಂಭಾಗ ಭಾರವೆನಿಸಿದರೆ ಟ್ಯಾಂಕನ್ನೋ ಸಾಮಾನನ್ನೋ ಮುಂದಕ್ಕೆ ಸರಿಸಬೇಕು. ಎಡ ಬಲದ ವ್ಯತ್ಯಾಸವನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಗಾಡಿ ನಿಲ್ಲಿಸಿ, ಎರಡೂ ಬದಿಯಲ್ಲಿ ಚಕ್ರದ ಮೇಲಿರುವ ಬಾಡಿಯ ಅಂಚಿನ ಎತ್ತರವನ್ನು ಟೇಪಿನಿಂದ ಅಳೆದು ತಿಳಿಯಬಹುದು. ಅಳತೆ ಸರಿಬಂದ ಮೇಲೆ ಆ ಚೀಟಿಗಳನ್ನು ಅಂತಿಮ ನಕ್ಷೆ, ವೈರಿಂಗ್‌ನ ಫೋಟೊ ಮತ್ತು ಬಿಲ್ಲುಗಳ ಜೊತೆ ಒಂದೇ ಫೈಲಿನಲ್ಲಿ ಇಟ್ಟರೆ ಆರ್‌ಟಿಒ ತಪಾಸಣೆಗೂ ವಿಮಾ ಕಂಪನಿಯ ಸರ್ವೇಯರಿಗೂ ಅದನ್ನೇ ತೋರಿಸಬಹುದು.